ಬಣ್ಣ ಹಚ್ಚಿದ ಮೊದಲ ಒಂದು ನಿಮಿಷ

ಮಹಾನವಮಿ ಹತ್ತಿರ ಬಂದಂತೆ ಹಾವೇರಿ ಜಿಲ್ಲೆಯ ಊರುಗಳಲ್ಲಿ ಥಿನ್ನರಿನ ವಾಸನೆ ಹರಡತೊಡಗುತ್ತದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿಗೆ ಹೋದರೂ ಆಯುಧ ಪೂಜೆಗೆ ಮುನ್ನ ಟ್ರ್ಯಾಕ್ಟರಿನ ಟ್ರೇಲರಿಗೋ, ಹಳೆಯ ಜೀಪಿಗೋ, ಮೂಲೆ ಸೇರಿದ್ದ ಮಾರುತಿ 800ಕ್ಕೋ ಯಾರಾದರೊಬ್ಬರು ಅಂಗಳದಲ್ಲಿ ನಿಂತು ಬಣ್ಣ ಹಚ್ಚುತ್ತಿರುತ್ತಾರೆ. ಅಂಗಡಿಯಿಂದ ಒಂದು ಲೀಟರ್ ಎನಾಮಲ್, ಅರ್ಧ ಲೀಟರ್ ಥಿನ್ನರ್, ಒಂದು ಬ್ರಷ್ಷು ಬರುತ್ತವೆ. ಎಷ್ಟು ಥಿನ್ನರ್ ಕಲಸಬೇಕು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಮಜ್ಜಿಗಿ ಹಂಗ ಆಗಬೇಕ್ರಿ.’

ಯಾರ ಮನೆಯ ಮಜ್ಜಿಗೆ ಎಂಬುದು ಮಾತ್ರ ತಿಳಿಯುವುದಿಲ್ಲ. ಪರಿಣಾಮವನ್ನು ನೀವೂ ಕಂಡಿರುತ್ತೀರಿ. ಬಾಗಿಲಿನ ಮೇಲೆ ಕಣ್ಣೀರಿನಂತೆ ಇಳಿದ ಗೆರೆಗಳು, ಕಿತ್ತಳೆ ಸಿಪ್ಪೆಯಂತೆ ಒರಟಾದ ಬಾನೆಟ್, ಹೊಳಪು ಹೋಗಿ ಬೂದಿ ಬಳಿದಂತೆ ಬೆಳ್ಳಗಾದ ಚಾವಣಿ, ಸುಕ್ಕುಗಟ್ಟಿ ಎದ್ದ ಹಳೆಯ ಬಣ್ಣ. ಈ ತಪ್ಪುಗಳಲ್ಲಿ ಹೆಚ್ಚಿನವು ಬಣ್ಣದ ತಪ್ಪುಗಳಲ್ಲ, ಥಿನ್ನರಿನ ತಪ್ಪುಗಳು. ಬಣ್ಣ ಲೋಹಕ್ಕೆ ತಗಲಿದ ಮೊದಲ ಒಂದೆರಡು ನಿಮಿಷದಲ್ಲಿ ಅವು ನಡೆದುಹೋಗಿರುತ್ತವೆ. ಆ ಹೊತ್ತಿನಲ್ಲಿ ಏನಾಗುತ್ತದೆ ಎಂಬುದನ್ನು ಪಿಯುಸಿಯ ಭೌತಶಾಸ್ತ್ರದಷ್ಟರಿಂದಲೇ ಲೆಕ್ಕ ಹಾಕಬಹುದು.

ಯಾವ ಬಣ್ಣ?

ಅಂಗಡಿಯವರು ‘ಕಾರಿನ ಪೇಂಟ್’ ಎಂದು ಕೊಡುವ ಡಬ್ಬಿಗಳು ಎಲ್ಲವೂ ಒಂದೇ ಜಾತಿಯವಲ್ಲ. ಎಲ್ಲದರಲ್ಲೂ ಮೂರು ಮುಖ್ಯ ಅಂಶಗಳಿವೆ: ಬಣ್ಣ ಕೊಡುವ ವರ್ಣಕದ ಪುಡಿ, ಆ ಪುಡಿಯನ್ನು ಹಿಡಿದಿಟ್ಟು ಪೊರೆಯಾಗುವ ರಾಳ, ಮತ್ತು ಎರಡನ್ನೂ ಹರಿಯುವಂತೆ ಇಟ್ಟಿರುವ ದ್ರಾವಕ. ಜಾತಿಯನ್ನು ನಿರ್ಧರಿಸುವುದು ರಾಳ.

ನಾವು ಎನಾಮಲ್ ಅಥವಾ ಸಿಂಥೆಟಿಕ್ ಎನಾಮಲ್ ಎನ್ನುವುದರ ರಾಳ ಆಲ್ಕಿಡ್. ಆಲ್ಕೊಹಾಲ್ ಮತ್ತು ಆಮ್ಲ ಎಂಬುದಕ್ಕಿರುವ ಇಂಗ್ಲಿಷ್ ಪದಗಳನ್ನು ಕೂಡಿಸಿ ಮಾಡಿದ ಹೆಸರು ಇದು. ಇದರ ಅಣುಗಳಿಗೆ ಎಣ್ಣೆಯ ಕೊಬ್ಬಿನಾಮ್ಲಗಳು ಜೋಡಿಸಿಕೊಂಡಿರುತ್ತವೆ. ಅಗಸೆ ಎಣ್ಣೆಯ ಡಬ್ಬಿಯ ಬಾಯಿಗೆ ಅಂಟಿದ ಎಣ್ಣೆ ಕೆಲವು ದಿನಗಳಲ್ಲಿ ತೊಗಲಿನಂತೆ ಗಟ್ಟಿಯಾಗುವುದನ್ನು ನಮ್ಮ ಭಾಗದವರು ಬಲ್ಲರು. ಶೇಂಗಾ ಎಣ್ಣೆ ಹಾಗಾಗುವುದಿಲ್ಲ. ಅಗಸೆ ಎಣ್ಣೆಯ ಅಣುಗಳಲ್ಲಿ ದ್ವಿಬಂಧಗಳು ಹೆಚ್ಚು. ಗಾಳಿಯ ಆಕ್ಸಿಜನ್ ಅವುಗಳ ಮೂಲಕ ಅಣುವಿಗೆ ಅಣುವನ್ನು ಹೆಣೆಯುತ್ತದೆ. ಆಲ್ಕಿಡ್ ಎನಾಮಲ್ ಗಟ್ಟಿಯಾಗುವುದೂ ಹೀಗೆಯೇ. ಕೋಬಾಲ್ಟಿನಂಥ ಲೋಹಗಳ ಲವಣಗಳನ್ನು ಸ್ವಲ್ಪ ಸೇರಿಸಿ ಈ ಕ್ರಿಯೆಯನ್ನು ಚುರುಕುಗೊಳಿಸಿರುತ್ತಾರೆ. ಆದ್ದರಿಂದ ಎನಾಮಲ್ ಎರಡು ಸಲ ಒಣಗುತ್ತದೆ. ಮೊದಲು ದ್ರಾವಕ ಆವಿಯಾಗುತ್ತದೆ, ಇದು ನಿಮಿಷಗಳ ಮಾತು. ಅನಂತರ ಆಕ್ಸಿಜನ್ ಹೆಣೆಯುತ್ತದೆ, ಇದು ದಿನಗಳ ಮಾತು. ಕೈಗೆ ಅಂಟದಷ್ಟು ಒಣಗಿದೆ ಎಂದ ಮಾತ್ರಕ್ಕೆ ಎನಾಮಲ್ ಗಟ್ಟಿಯಾಗಿದೆ ಎಂದಲ್ಲ.

ಎನ್.ಸಿ. ಲ್ಯಾಕರ್ ಇನ್ನೊಂದು ಜಾತಿ. ಇದರ ರಾಳ ನೈಟ್ರೊಸೆಲ್ಯುಲೋಸ್. ದ್ರಾವಕ ಹಾರಿದರೆ ಮುಗಿಯಿತು, ಬೇರೆ ಯಾವ ರಾಸಾಯನಿಕ ಕ್ರಿಯೆಯೂ ಇಲ್ಲ. ಬೇಗ ಒಣಗುತ್ತದೆ, ಹಾಗೆಯೇ, ಎಷ್ಟು ವರ್ಷದ ಮೇಲೂ ಅದೇ ಥಿನ್ನರಿನಲ್ಲಿ ಮತ್ತೆ ಕರಗುತ್ತದೆ. ಮೂರನೆಯದು ಗ್ಯಾರೇಜುಗಳಲ್ಲಿ 2ಕೆ ಎನ್ನುವ ಪಾಲಿಯುರೆಥೇನ್; ಬಣ್ಣ ಒಂದು ಡಬ್ಬಿ, ಹಾರ್ಡನರ್ ಇನ್ನೊಂದು. ಇನ್ನು ಕಾರ್ಖಾನೆಯಿಂದ ಬರುವ ಕಾರಿನ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಬೇಯಿಸಿರುತ್ತಾರೆ. ಅದನ್ನು ಅಂಗಳದಲ್ಲಿ ಮಾಡಲಾಗದು.

ನನ್ನ ಅಭಿಪ್ರಾಯ ಕೇಳುವುದಾದರೆ, ಮನೆಯಲ್ಲಿ ಹಚ್ಚಲು ತಕ್ಕದ್ದು ಗಾಳಿಗೆ ಒಣಗುವ ಸಿಂಥೆಟಿಕ್ ಎನಾಮಲ್ ಒಂದೇ. ಜೀಪು, ಟ್ರೇಲರು, ಹಳೆಯ ಕಾರಿಗೆ ಅದು ಸಾಕು. ಕಾರ್ಖಾನೆಯ ಹೊಳಪಿನ ಪಕ್ಕದಲ್ಲಿ ಅದು ಸಪ್ಪೆ ಕಾಣುತ್ತದೆ ಎಂಬುದು ನಿಜ. ಎರಡು ವರ್ಷದ ಕಾರಿಗೆ ಅದನ್ನು ಬಳಿಯಬೇಡಿ. 2ಕೆ ಬಣ್ಣದ ಹಾರ್ಡನರಿನಲ್ಲಿ ಐಸೊಸಯನೇಟ್‌ಗಳಿರುತ್ತವೆ. ಅದರ ತುಂತುರು ಶ್ವಾಸಕೋಶಕ್ಕೆ ಹೋದರೆ ಉಬ್ಬಸ ಹಿಡಿಯಬಹುದು, ಒಮ್ಮೆ ಹಿಡಿದರೆ ಮುಂದೆ ಅತ್ಯಲ್ಪ ಪ್ರಮಾಣವೂ ಕೆರಳಿಸಬಹುದು. ಮುಖಕ್ಕೆ ಕಟ್ಟಿಕೊಂಡ ಕರವಸ್ತ್ರ ಅದನ್ನು ತಡೆಯುವುದಿಲ್ಲ.

ವಾಹನದ ಮೇಲೆ ಈಗಾಗಲೇ ಯಾವ ಬಣ್ಣವಿದೆ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಕಣ್ಣಿಗೆ ಬೀಳದ ಜಾಗದಲ್ಲಿ ಎನ್.ಸಿ. ಥಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಬಂದರೆ ಅದು ಲ್ಯಾಕರ್. ಬಣ್ಣ ಉಬ್ಬಿ ಸುಕ್ಕಾದರೆ ಗಾಳಿಗೆ ಒಣಗಿದ ಎನಾಮಲ್. ಏನೂ ಆಗದಿದ್ದರೆ ಬೇಯಿಸಿದ ಬಣ್ಣ ಅಥವಾ 2ಕೆ. ಎನಾಮಲ್ ಮೇಲೆ ಲ್ಯಾಕರನ್ನು ಏಕೆ ಹೊಡೆಯಬಾರದು ಎಂಬುದಕ್ಕೂ ಉತ್ತರ ಇಲ್ಲೇ ಸಿಕ್ಕಿತು.

ಬಣ್ಣದ ಆಯ್ಕೆಯಲ್ಲಿ ಕಾನೂನಿನ ಮಾತೂ ಇದೆ. ನಮ್ಮ ಜೀಪುಪ್ರಿಯರಿಗೆ ಆಲಿವ್ ಹಸಿರಿನ ಮೋಹ ಹೆಚ್ಚು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಬೇರೆ ಬಣ್ಣವಾದರೂ, ನೋಂದಣಿ ಪತ್ರದಲ್ಲಿರುವುದಕ್ಕಿಂತ ಭಿನ್ನವಾದರೆ ಮೊದಲು ಸಾರಿಗೆ ಕಚೇರಿಗೆ ಹೋಗಬೇಕು.

ಸಮನಾಗುವುದು, ಇಳಿಯುವುದು

ಬ್ರಷ್ಷಿನ ಕೂದಲು ಬಣ್ಣದ ಮೇಲೆ ಸಣ್ಣ ಸಣ್ಣ ಸಾಲುಗಳನ್ನು ಬಿಡುತ್ತದೆ, ರೆಂಟೆ ಹೊಡೆದ ಹೊಲದಂತೆ. ದ್ರವದ ಮೇಲ್ಮೈ ಎಳೆತವು ಏರನ್ನು ಇಳಿಸಿ ತಗ್ಗನ್ನು ತುಂಬಿ ಮೇಲ್ಮೈಯನ್ನು ಸಮ ಮಾಡಲು ನೋಡುತ್ತದೆ. ಸ್ನಿಗ್ಧತೆ ಅದನ್ನು ತಡೆಯುತ್ತದೆ. ಇದರ ಗಣಿತವನ್ನು ಆರ್ಚರ್ಡ್ ಎಂಬ ವಿಜ್ಞಾನಿ 1962ರಲ್ಲಿ ಬಿಡಿಸಿ ತೋರಿಸಿದರು. ಸಾಲುಗಳ ಎತ್ತರ ಮೂರನೆಯ ಒಂದರಷ್ಟಕ್ಕೆ ಇಳಿಯಲು ಹಿಡಿಯುವ ಕಾಲವು ಸ್ನಿಗ್ಧತೆಗೆ ನೇರ ಅನುಪಾತದಲ್ಲಿ, ಸಾಲುಗಳ ನಡುವಣ ದೂರದ ನಾಲ್ಕನೆಯ ಘಾತಕ್ಕೆ ನೇರ ಅನುಪಾತದಲ್ಲಿ, ಬಣ್ಣದ ದಪ್ಪದ ಘನಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ.

ಅಂಕಿಗಳನ್ನು ಹಾಕಿ ನೋಡೋಣ. ಹಸಿ ಬಣ್ಣದ ದಪ್ಪ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ಸ್ನಿಗ್ಧತೆ ನೀರಿನ ನೂರು ಪಟ್ಟು, ಅಂದರೆ 0.1 ಪಾಸ್ಕಲ್ ಸೆಕೆಂಡ್. ಮೇಲ್ಮೈ ಎಳೆತ ಮೀಟರಿಗೆ 0.03 ನ್ಯೂಟನ್. ಸಾಲುಗಳು 2 ಮಿ.ಮೀ. ಅಂತರದಲ್ಲಿದ್ದರೆ ಒಂದು ಸೆಕೆಂಡಿನೊಳಗೆ ಅಡಗುತ್ತವೆ. ಒರಟು ಬ್ರಷ್ಷಿನಿಂದ 4 ಮಿ.ಮೀ. ಅಂತರ ಬಂದರೆ ಕಾಲ ಹದಿನಾರು ಪಟ್ಟು, ಸುಮಾರು 13 ಸೆಕೆಂಡು. ಥಿನ್ನರ್ ಬೆರೆಸದೆ ಡಬ್ಬಿಯ ಬಣ್ಣವನ್ನೇ ಹಚ್ಚಿದರೆ ಸ್ನಿಗ್ಧತೆ ಇನ್ನೂ ಐದು ಪಟ್ಟಾದೀತು, ಕಾಲ ಒಂದು ನಿಮಿಷ ದಾಟುತ್ತದೆ. ಅಷ್ಟರಲ್ಲಿ ದ್ರಾವಕ ಹಾರತೊಡಗಿ ಬಣ್ಣ ಗಟ್ಟಿಯಾಗಿ ಸಾಲುಗಳು ಹಾಗೆಯೇ ಉಳಿಯುತ್ತವೆ. ದುಬಾರಿ ಮೆದು ಬ್ರಷ್ಷಿಗೆ ಕೊಟ್ಟ ಹಣ ವ್ಯರ್ಥವಲ್ಲ ಎಂಬುದೂ ಆ ನಾಲ್ಕನೆಯ ಘಾತದಲ್ಲೇ ಅಡಗಿದೆ.

ಹಾಗಾದರೆ ಥಿನ್ನರ್ ಧಾರಾಳವಾಗಿ ಸುರಿದರಾಯಿತಲ್ಲ? ಇಲ್ಲಿ ಗುರುತ್ವ ಅಡ್ಡ ಬರುತ್ತದೆ. ನೆಟ್ಟಗೆ ನಿಂತ ಬಾಗಿಲಿನ ಮೇಲೆ ಅದೇ ಬಣ್ಣದ ಹೊರಪದರ ಕೆಳಗೆ ಜಾರುವ ವೇಗವನ್ನು ಲೆಕ್ಕ ಹಾಕಿ: ಸಾಂದ್ರತೆ, ಗುರುತ್ವ ವೇಗೋತ್ಕರ್ಷ, ದಪ್ಪದ ವರ್ಗ ಇವುಗಳ ಗುಣಲಬ್ಧವನ್ನು ಸ್ನಿಗ್ಧತೆಯ ಎರಡರಷ್ಟರಿಂದ ಭಾಗಿಸಬೇಕು. ಸಾಂದ್ರತೆಯನ್ನು ನೀರಿನಷ್ಟೇ ಎಂದು ಹಿಡಿದರೆ, 50 ಮೈಕ್ರಾನ್ ಪದರಕ್ಕೆ ನಿಮಿಷಕ್ಕೆ ಸುಮಾರು 7.5 ಮಿ.ಮೀ. ಬರುತ್ತದೆ. ಆಸೆಪಟ್ಟು ಎರಡರಷ್ಟು ದಪ್ಪ ಹಚ್ಚಿದರೆ ನಿಮಿಷಕ್ಕೆ 30 ಮಿ.ಮೀ. ಕೆಳಗಿಳಿಯುವ ಒಟ್ಟು ಬಣ್ಣವಂತೂ ದಪ್ಪದ ಘನದಂತೆ ಹೆಚ್ಚುವುದರಿಂದ ಎಂಟು ಪಟ್ಟಾಗುತ್ತದೆ. ಬಾಗಿಲಿನ ಕಣ್ಣೀರು ಎಂದರೆ ಇದೇ.

ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಾಲುಗಳು ಅಡಗುವ ವೇಗವೂ ದಪ್ಪದ ಘನವನ್ನು ಸ್ನಿಗ್ಧತೆಯಿಂದ ಭಾಗಿಸಿದಷ್ಟು. ಬಣ್ಣ ಸುರಿದು ಇಳಿಯುವುದೂ ಅಷ್ಟೇ. ಸಮನಾಗಲು ಬೇಕಾದದ್ದೇ ಇಳಿಯಲೂ ಕಾರಣ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಲು ಸ್ನಿಗ್ಧತೆಯ ಯಾವ ಒಂದು ಬೆಲೆಯಿಂದಲೂ ಸಾಧ್ಯವಿಲ್ಲ. ದಾರಿ ಇರುವುದು ಕಾಲದಲ್ಲಿ. ಮೊದಲ ಕೆಲವು ಸೆಕೆಂಡು ಬಣ್ಣ ತೆಳುವಾಗಿದ್ದು ಸಮನಾಗಬೇಕು, ಅನಂತರ ಇಳಿಯಲು ಪುರಸೊತ್ತು ಸಿಗದಂತೆ ದಪ್ಪವಾಗಬೇಕು. ಥಿನ್ನರ್ ಇರುವುದು ಇದಕ್ಕಾಗಿ. ಬೆರೆಸಿದಾಗ ತೆಳುವಾಗಿಸುವುದು ಅದರ ಅರ್ಧ ಕೆಲಸ. ತಕ್ಕ ವೇಗದಲ್ಲಿ ಹಾರಿಹೋಗುವುದು ಉಳಿದರ್ಧ, ಮತ್ತು ಹೆಚ್ಚಿನ ಮಹತ್ವದ್ದು.

ಯಾವ ಥಿನ್ನರ್, ಯಾವ ಊರಿನಲ್ಲಿ?

ಅಸಿಟೋನ್ 56 ಡಿಗ್ರಿಗೆ ಕುದಿಯುತ್ತದೆ, ಟಾಲ್ವೀನ್ 111ಕ್ಕೆ, ಝೈಲೀನ್ ಸುಮಾರು 140ಕ್ಕೆ. ಅಂಗಡಿಯಲ್ಲಿ ‘ಟರ್ಪೆಂಟೈನ್’ ಎಂದು ಸಿಗುವ ಮಿನರಲ್ ಟರ್ಪೆಂಟೈನ್ ಸುಮಾರು 145ರಿಂದ 205 ಡಿಗ್ರಿಗಳ ನಡುವೆ, ಸೀಮೆಎಣ್ಣೆ 150ರಿಂದ ಹೆಚ್ಚುಕಡಿಮೆ 300ರವರೆಗೆ. ಕುದಿಬಿಂದು ಹೆಚ್ಚಿದಷ್ಟೂ ಸಾಮಾನ್ಯವಾಗಿ ಆವೀಕರಣ ನಿಧಾನ. ಬ್ರಷ್ಷಿನಿಂದ ಹಚ್ಚುವ ಎನಾಮಲ್‌ಗೆ ಮಿನರಲ್ ಟರ್ಪೆಂಟೈನ್ ಸರಿಯಾದದ್ದು. ಸ್ಪ್ರೇ ಗನ್‌ಗೆ ಅದಕ್ಕಿಂತ ಚುರುಕಾದದ್ದು ಬೇಕು. ಡಬ್ಬಿಯ ಮೇಲೆ ತಯಾರಕರು ಹೇಳಿದ ಥಿನ್ನರನ್ನೇ ಕೊಳ್ಳಿ. ಸೀಮೆಎಣ್ಣೆಯ ಭಾರದ ಅಂಶ ದಿನಗಟ್ಟಲೆ ಪೊರೆಯಲ್ಲೇ ಉಳಿದು ಬಣ್ಣವನ್ನು ಮೆತ್ತಗೆ, ಮಂಕಾಗಿ ಇಡುತ್ತದೆ, ರಸ್ತೆಯ ಧೂಳೆಲ್ಲ ಅಂಟುತ್ತದೆ. ಬೇಗ ಒಣಗಲೆಂದು ಎನಾಮಲ್‌ಗೆ ಎನ್.ಸಿ. ಥಿನ್ನರ್ ಬೆರೆಸುವವರಿದ್ದಾರೆ. ಮೇಲೆ ಬೇಗ ಕೆನೆಗಟ್ಟುತ್ತದೆ, ಒಳಗೆ ಹಸಿಯಾಗಿರುತ್ತದೆ, ಕೆಳಗಿನ ಹಳೆಯ ಎನಾಮಲ್ ಉಬ್ಬಿ ಏಳುತ್ತದೆ. ಪೆಟ್ರೋಲಿನ ಮಾತು ಕೊನೆಗೆ ಬರುತ್ತದೆ.

ಇನ್ನು ಹವೆಯ ವಿಷಯ. ಸವಣೂರಿನ ಬಯಲಿನಲ್ಲಿ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 30 ಇದೆ ಎಂದುಕೊಳ್ಳಿ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನಲ್ಲಿ ಮಳೆ ಹೊಳವಾದ ಸೆಪ್ಟೆಂಬರ್ ದಿನ 28 ಡಿಗ್ರಿ, ಆರ್ದ್ರತೆ ಶೇಕಡ 85. ಮೊದಲ ಕಡೆ ಥಿನ್ನರ್ ಅತಿ ಬೇಗ ಹಾರುತ್ತದೆ. ಗನ್ನಿನಿಂದ ಹೊರಟ ಹನಿಗಳು ಲೋಹ ಮುಟ್ಟುವ ಮೊದಲೇ ಅರ್ಧ ಒಣಗಿ, ಒಂದರೊಳಗೊಂದು ಬೆರೆಯದೆ ಕೂರುತ್ತವೆ. ಕಿತ್ತಳೆ ಸಿಪ್ಪೆ ಸಿದ್ಧ. ಬೆಳಗಿನ ಹೊತ್ತು, ನೆರಳು, ನಿಧಾನದ ಥಿನ್ನರ್ ಇವು ಅದಕ್ಕೆ ಪರಿಹಾರ. ಬಿಸಿಲಲ್ಲಿ ನಿಂತ ಬಾನೆಟ್ಟನ್ನು ಮುಟ್ಟಿ ನೋಡಿದವರಿಗೆ ನೆರಳಿನ ಮಹತ್ವ ಹೇಳಬೇಕಿಲ್ಲ.

ಎರಡನೆಯ ಕಡೆ ತೊಂದರೆ ಬೇರೆ. ದ್ರಾವಕ ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಬಣ್ಣದಿಂದಲೇ ಎಳೆದುಕೊಳ್ಳುತ್ತದೆ, ಬಣ್ಣ ತಣ್ಣಗಾಗುತ್ತದೆ. ಹಾನಗಲ್ಲಿನ ಆ ಗಾಳಿಯ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಬಣ್ಣ ಮೂರು ಡಿಗ್ರಿ ತಣಿದರೆ ಸಾಕು, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಸವಣೂರಿನ ಗಾಳಿಯ ಇಬ್ಬನಿ ಬಿಂದು ಸುಮಾರು 15 ಡಿಗ್ರಿ. ಅಲ್ಲಿ ಇಪ್ಪತ್ತು ಡಿಗ್ರಿ ತಣಿಯಬೇಕು, ಆಗುವ ಮಾತಲ್ಲ. ಬೇಗ ಹಾರುವ ಥಿನ್ನರಿನ ಎನ್.ಸಿ. ಲ್ಯಾಕರ್ ಮಳೆಗಾಲದಲ್ಲಿ ಬೆಳ್ಳಗಾಗುವುದು ಹೀಗೆ. ಎನಾಮಲ್‌ನಲ್ಲಿ ಇಷ್ಟು ಕೆಟ್ಟದಾಗಿ ಆಗದು, ಆದರೆ ಹೊಳಪು ಮಂಕಾಗುತ್ತದೆ ಮತ್ತು ಒಣಗುವುದು ತಡವಾಗುತ್ತದೆ. ಮಹಾನವಮಿಗೆ ಮುನ್ನ ಎಂದರೆ ಹಾನಗಲ್ಲು, ಹಿರೇಕೆರೂರಿನ ಕಡೆ ಮಳೆ ಪೂರ್ತಿ ಹಿಂದೆಗೆದಿರುವುದಿಲ್ಲ. ಹಬ್ಬದ ಮುನ್ನಾದಿನ ಸಂಜೆ ಬಣ್ಣ ಹಚ್ಚಿ ಬೆಳಗ್ಗೆ ಪೂಜೆಯ ಹೂಮಾಲೆ ಹಾಕಿದರೆ ಮಾಲೆಯ ಗುರುತು ಮುಂದಿನ ಹಬ್ಬದವರೆಗೂ ಇರುತ್ತದೆ. ವಾರ ಮೊದಲೇ ಮುಗಿಸಿ, ಹತ್ತು ಗಂಟೆಗೆ ಲೋಹ ಒಣಗಿ ಬೆಚ್ಚಗಾದ ಮೇಲೆ ಶುರುಮಾಡಿ, ಎರಡು ಗಂಟೆಗೆ ನಿಲ್ಲಿಸಿ. ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಒಂದು ದಿನವಿರಲಿ.

ಅಳತೆ

ಮಜ್ಜಿಗೆಯ ಬದಲು ಬಣ್ಣದ ಕಾರ್ಖಾನೆಯವರು ಬಳಸುವುದು ಫೋರ್ಡ್ ಕಪ್. ನಾಲ್ಕನೆಯ ನಂಬರಿನ ಕಪ್ಪು 100 ಮಿಲಿಲೀಟರ್ ಹಿಡಿಯುತ್ತದೆ, ತಳದಲ್ಲಿ 4.12 ಮಿ.ಮೀ. ರಂಧ್ರ. ತುಂಬಿ, ಬೆರಳು ತೆಗೆದು, ಧಾರೆ ಕಡಿಯುವವರೆಗಿನ ಸೆಕೆಂಡುಗಳನ್ನು ಎಣಿಸಬೇಕು. ಡಬ್ಬಿಯ ಎನಾಮಲ್‌ಗೆ ನೂರು ಸೆಕೆಂಡು ಮೀರಬಹುದು. ಸ್ಪ್ರೇಗೆ ಸಾಮಾನ್ಯವಾಗಿ 18ರಿಂದ 25 ಸೆಕೆಂಡು ಬೇಕು. ಬ್ರಷ್ಷಿಗೆ ಇದಕ್ಕಿಂತ ಸಾಕಷ್ಟು ದಪ್ಪವಿರಬಹುದು.

ಶಾಲೆಯಲ್ಲಿ ಇದನ್ನು ಮಾಡಿಸಬಹುದು. ಸಣ್ಣ ತಗಡಿನ ಡಬ್ಬಿಯ ತಳದಲ್ಲಿ 4 ಮಿ.ಮೀ. ಡ್ರಿಲ್ಲಿನಿಂದ ತೂತು ಕೊರೆಸಿ, 100 ಮಿಲಿಲೀಟರಿಗೆ ಗುರುತು ಹಾಕಿ. ಮೊದಲು ನೀರು, ಆಮೇಲೆ ಹಾಲು, ಶೇಂಗಾ ಎಣ್ಣೆ. ನೀರಿಗೆ ಹತ್ತು ಸೆಕೆಂಡಿನ ಆಸುಪಾಸು ಬರುತ್ತದೆ. ಈಗ ಮಕ್ಕಳಿಗೆ ಒಂದು ಪ್ರಶ್ನೆ ಕೊಡಿ: ಬಣ್ಣ 20 ಸೆಕೆಂಡು ತೆಗೆದುಕೊಂಡರೆ ಅದು ನೀರಿಗಿಂತ ಎರಡು ಪಟ್ಟು ಸ್ನಿಗ್ಧವೆ? ಅಲ್ಲ, ಸುಮಾರು ಅರವತ್ತು ಪಟ್ಟು. ನೀರಿನ ಹರಿವನ್ನು ಇಲ್ಲಿ ಸ್ನಿಗ್ಧತೆ ತಡೆಯುವುದೇ ಇಲ್ಲವೆನ್ನಬಹುದು. ಟಾರಿಚೆಲ್ಲಿಯ ನಿಯಮದಂತೆ ಎತ್ತರಕ್ಕೆ ತಕ್ಕ ವೇಗದಲ್ಲಿ ಅದು ಬೀಳುತ್ತದೆ. ರಂಧ್ರದ ವಿಸ್ತೀರ್ಣದಿಂದ ಹತ್ತು ಸೆಕೆಂಡಿನ ಆ ಉತ್ತರವನ್ನು ಮಕ್ಕಳೇ ತೆಗೆಯಬಲ್ಲರು. ಹೀಗೆ ಕಪ್ಪಿನ ಸೆಕೆಂಡು ಒಂದು ಗುರುತು ಮಾತ್ರ, ಸ್ನಿಗ್ಧತೆಯ ನೇರ ಅಳತೆಯಲ್ಲ. ಜೊತೆಗೆ ಉಷ್ಣತೆಯನ್ನೂ ಬರೆದಿಟ್ಟುಕೊಳ್ಳಬೇಕು, ಬಿಸಿಯಾದ ಬಣ್ಣ ತನ್ನಷ್ಟಕ್ಕೇ ತೆಳುವಾಗಿರುತ್ತದೆ.

ಥಿನ್ನರ್ ಹಾಕುವಾಗ ಅವಸರ ಬೇಡ. ಸ್ನಿಗ್ಧತೆ ಥಿನ್ನರಿನ ಪ್ರಮಾಣಕ್ಕೆ ಸರಳರೇಖೆಯಲ್ಲಿ ಇಳಿಯುವುದಿಲ್ಲ, ಮೊದಲ ಪಾಲಿಗೇ ತೀವ್ರವಾಗಿ ಕುಸಿಯುತ್ತದೆ. ಲೀಟರಿಗೆ 50 ಮಿಲಿಲೀಟರಿನಂತೆ ಹಾಕಿ, ತಳದಿಂದ ಕಲಸಿ, ಪ್ರತಿ ಸಲ ಕಪ್ಪಿನಲ್ಲಿ ನೋಡಿ. ಹಾಕಿದ್ದನ್ನು ತೆಗೆಯಲಾಗದು.

ಹೆಚ್ಚು ಥಿನ್ನರ್ ಹಾಕಿದರೆ ಇನ್ನೊಂದು ನಷ್ಟವಿದೆ. ಎನಾಮಲ್‌ನಲ್ಲಿ ಘನಾಂಶ ಗಾತ್ರದಲ್ಲಿ ಶೇಕಡ 45 ಎಂದಿಟ್ಟುಕೊಂಡರೆ 50 ಮೈಕ್ರಾನ್ ಹಸಿ ಪದರ ಒಣಗಿ ಸುಮಾರು 22 ಮೈಕ್ರಾನ್ ಆಗುತ್ತದೆ. ಶೇಕಡ 30ರಷ್ಟು ಥಿನ್ನರ್ ಕೂಡಿಸಿದರೆ ಉಳಿಯುವುದು 17 ಮೈಕ್ರಾನ್. ಚೂಪಾದ ಅಂಚುಗಳಿಂದ ಮೇಲ್ಮೈ ಎಳೆತ ಬಣ್ಣವನ್ನು ಹಿಂದಕ್ಕೆ ಎಳೆಯುವುದರಿಂದ ಅಲ್ಲಿ ಇನ್ನೂ ಕಡಿಮೆ. ಬಾಗಿಲಿನ ತುಕ್ಕು ಅಂಚಿನಿಂದಲೇ ಶುರುವಾಗುವುದನ್ನು ಗಮನಿಸಿ. ಅಂಚುಗಳಿಗೆ ಮೊದಲೊಮ್ಮೆ ಬೇರೆಯಾಗಿ ಹಚ್ಚುವುದು ಒಳ್ಳೆಯದು. ಎಷ್ಟು ಬಣ್ಣ ಕೊಳ್ಳಬೇಕು ಎಂಬುದಕ್ಕೂ ಇದೇ ಲೆಕ್ಕ: 25 ಮೈಕ್ರಾನ್ ಒಣಪದರಕ್ಕೆ ಒಂದು ಲೀಟರ್ 18 ಚದರ ಮೀಟರಿಗೆ ಬರಬೇಕು. ಸಣ್ಣ ಕಾರಿನ ಹೊರಮೈ ಸುಮಾರು 10 ಚದರ ಮೀಟರ್ ಎಂದರೆ ಎರಡು ಕೋಟಿಗೆ ಬ್ರಷ್ಷಿನಲ್ಲಿ ಒಂದೂಕಾಲು ಲೀಟರ್. ಸ್ಪ್ರೇಯಲ್ಲಿ ಅರ್ಧದಷ್ಟು ಗಾಳಿಪಾಲಾಗುವುದರಿಂದ ಎರಡೂಕಾಲು, ಎರಡೂವರೆ ಇರಲಿ.

ಗಾಳಿಪಾಲಾದದ್ದು

ಆ ಗಾಳಿಪಾಲಾದ ದ್ರಾವಕ ಎಲ್ಲಿಗೆ ಹೋಯಿತು? ಒಂದು ಲೀಟರ್ ಟಾಲ್ವೀನ್ ಆವಿಯಾದರೆ ಸುಮಾರು 230 ಲೀಟರ್ ಆವಿ. ಗಾಳಿಯಲ್ಲಿ ಅದು ಶೇಕಡ 1.2ರಷ್ಟಾದರೆ ಕಿಡಿಗೆ ಸಿಡಿಯುವ ಮಟ್ಟ. ಭಾಗಿಸಿ ನೋಡಿ, 19 ಘನಮೀಟರ್ ಗಾಳಿಗೆ ಒಂದು ಲೀಟರ್ ಸಾಕು. ಹತ್ತಡಿ ಉದ್ದ, ಹತ್ತಡಿ ಅಗಲ, ಏಳಡಿ ಎತ್ತರದ ತಗಡಿನ ಶೆಡ್ಡು ಅಷ್ಟೇ ಇರುತ್ತದೆ. ಆವಿ ಗಾಳಿಗಿಂತ ಮೂರು ಪಟ್ಟು ಭಾರವಾದ್ದರಿಂದ ನೆಲದಲ್ಲೇ ಹರಿದು ಪಕ್ಕದ ಅಡುಗೆಮನೆಯ ಒಲೆಯವರೆಗೂ ಹೋಗಬಲ್ಲದು. ಧೂಳು ಬರುತ್ತದೆಂದು ಬಾಗಿಲು ಮುಚ್ಚಿ ಒಳಗೆ ಬಣ್ಣ ಹೊಡೆಯುವುದು ಇದಕ್ಕೇ ಅಪಾಯ. ಮಿನರಲ್ ಟರ್ಪೆಂಟೈನಿನ ಜ್ವಲನಬಿಂದು 35–40 ಡಿಗ್ರಿಗಳ ಆಸುಪಾಸಿನಲ್ಲಿದೆ. ಬೇಸಗೆಯಲ್ಲಿ ನಮ್ಮ ಗಾಳಿಯೇ ಅಲ್ಲಿಗೆ ಮುಟ್ಟುತ್ತದೆ. ಪೆಟ್ರೋಲಿನದು ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಅದನ್ನು ಥಿನ್ನರಾಗಿ ಬಳಸುವುದಿರಲಿ, ಕೈ ತೊಳೆಯಲೂ ತರಬೇಡಿ. ಎನಾಮಲ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಆಕ್ಸಿಜನ್ ಹೆಣೆಯುವ ಕ್ರಿಯೆಯ ಶಾಖ ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ ಬಯಲಿನಲ್ಲಿ ಹರಡಿ.

ಹಳೆಯ ಬಣ್ಣವನ್ನು ಉಜ್ಜುವಾಗ ಒಣಗಿದ್ದನ್ನೇ ಉಜ್ಜದೆ, ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ. ಹಳೆಯ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುವ ಸಂಭವವಿದೆ, ಆ ಧೂಳು ಮನೆಯ ಮಕ್ಕಳ ಬಾಯಿಗೆ ಹೋಗಬಾರದು. ಗೃಹಬಳಕೆಯ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಆದರೆ ಆ ನಿಯಮದ ವ್ಯಾಪ್ತಿ ಗೃಹಬಳಕೆ ಮತ್ತು ಅಲಂಕಾರಿಕ ಬಣ್ಣಗಳಿಗೆ ಮಾತ್ರ, ವಾಹನದ ಮತ್ತು ಕೈಗಾರಿಕೆಯ ಬಣ್ಣಗಳು ಅದರೊಳಗೆ ಬರುವುದಿಲ್ಲ. ಟ್ರೇಲರಿಗೆ ಹಚ್ಚಿ ಉಳಿದ ಹಳದಿ ಡಬ್ಬಿ ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೂ, ಹೋರಿ ಹಬ್ಬಕ್ಕೆ ಹೋರಿಯ ಕೋಡಿಗೂ ಹೋಗುತ್ತದೆ. ಎತ್ತು ಕೋಡನ್ನು ಗ್ವಾದಲಿಗೆ ತಿಕ್ಕುತ್ತದೆ, ಉದುರಿದ ಚಕ್ಕೆ ಮೇವಿನಲ್ಲಿ ಬೀಳುತ್ತದೆ. ಕೋಡಿಗೆ ಬೇರೆ ಬಣ್ಣ ತನ್ನಿರಿ, ಡಬ್ಬಿಯ ಮೇಲೆ ಸೀಸದ ಬಗ್ಗೆ ಬರೆದಿರುವುದನ್ನು ಓದಿ ತನ್ನಿರಿ.